ಕಬ್ ವಿಮಾನದ ಗೇರ್ ಕಾಲಿಗೆ ಪಾಲಿ-ಫೈಬರ್: ಹೊಳಪು ಬಿಡಿ, ತೇಪೆ ಕೂರುತ್ತದೆಯೇ ನೋಡಿ

ಕೊಳವೆ, ಕಡ್ಡಿಗಳ ಚೌಕಟ್ಟಿಗೆ ಬಟ್ಟೆ ಹೊದಿಸಿ ಮಾಡಿದ ಸಣ್ಣ ವಿಮಾನ ಪೈಪರ್ ಜೆ-3 ಕಬ್. ಅದರ ಬಟ್ಟೆ ಕೆಲಸದಲ್ಲಿ ಲ್ಯಾಂಡಿಂಗ್ ಗೇರ್‌ನ ಎರಡು ಕಾಲುಗಳು ತೀರಾ ಸಣ್ಣ ಪಾಲು. ಒಳಮೈ, ಹೊರಮೈ ಎಲ್ಲ ಸೇರಿಸಿದರೂ ಹತ್ತು ಹನ್ನೆರಡು ಚದರಡಿ ಆದೀತು. ರೆಕ್ಕೆಗೆ ಬಟ್ಟೆ ಹಾಕುವಾಗ ಇರುವ ಶ್ರದ್ಧೆ ಇಲ್ಲಿಗೆ ಬರುವಷ್ಟರಲ್ಲಿ ಕರಗಿರುತ್ತದೆ. ಉಳಿದ ತುಂಡು ಸುತ್ತಿ, ಉಳಿದ ಬಣ್ಣ ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ಇಡೀ ವಿಮಾನದಲ್ಲಿ ಅತಿ ಹೆಚ್ಚು ಏಟು ತಿನ್ನುವ ಬಟ್ಟೆ ಇದೇ. ಚಕ್ರ ಎರಚುವ ಕಲ್ಲು, ಕೆಸರು, ಒದ್ದೆ ಹುಲ್ಲು, ಬ್ರೇಕಿನ ಬಿಸಿ, ಜಿನುಗುವ ಬ್ರೇಕ್ ಎಣ್ಣೆ, ಹತ್ತಿ ಇಳಿಯುವವರ ಬೂಟು, ಎಲ್ಲವೂ ಬಂದು ಬೀಳುವುದು ಇಲ್ಲಿಗೆ. ಹಾಗಾಗಿ ಪಾಲಿಯೆಸ್ಟರ್ ಬಟ್ಟೆ ಅಂಟಿಸಿ, ಶಾಖದಿಂದ ಬಿಗಿ ಮಾಡಿ, ಬಣ್ಣ ಬಳಿಯುವ ಪಾಲಿ-ಫೈಬರ್ ಪದ್ಧತಿಯನ್ನು ಈ ಒಂದು ಜಾಗದ ಮಟ್ಟಿಗೇ ಇಲ್ಲಿ ತೂಗಿ ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಗೇರ್ ಕಾಲಿಗೆ ಇದು ಒಳ್ಳೆಯ ಆಯ್ಕೆ, ಆದರೆ ಮೇಲಿನ ಬಣ್ಣ ಆ ಪದ್ಧತಿಯ ವಿನೈಲ್ ಬಣ್ಣ ಪಾಲಿ-ಟೋನ್ ಆಗಿರಬೇಕು. ಪಾಲಿ-ಫೈಬರ್ ಕಂಪನಿಯದೇ ಹೊಳೆಯುವ ಪಾಲಿಯುರೆಥೇನ್ ಬಣ್ಣ ಏರೋಥೇನ್ ರೆಕ್ಕೆಯ ಮೇಲೆ ಎಷ್ಟೇ ಚೆಂದ ಕಂಡರೂ ಕಾಲಿಗೆ ಬೇಡ. ಕಾರಣ ಮುಂದೆ ಬರುತ್ತದೆ.

ಕಬ್‌ನ ಗೇರ್ ಕಾಲು ಉಕ್ಕಿನ ಕೊಳವೆಗಳ ಒಂದು ತ್ರಿಕೋನ. ಮುಂದಿನ ಕೊಳವೆ, ಹಿಂದಿನ ಕೊಳವೆ ಎರಡೂ ಮೇಲ್ಗಡೆ ವಿಮಾನದ ದೇಹದ ಕೆಳ ಅಂಚಿನ ಕಿವಿಗಳಿಗೆ, ಅಂದರೆ ತೂತಿರುವ ಲೋಹದ ಚಾಚುಗಳಿಗೆ, ಬೋಲ್ಟಿನಲ್ಲಿ ಕೂತಿರುತ್ತವೆ, ಕೆಳಗಡೆ ಚಕ್ರದ ಅಚ್ಚಿನ ಹತ್ತಿರ ಒಂದಾಗುತ್ತವೆ. ನೆಲದ ಏಟು ಹೀರುವ ಬಂಜಿ ಹಗ್ಗ ಇರುವುದು ಹೊಟ್ಟೆಯ ಕೆಳಗೆ ನಡುವಿನ ಬೇರೆ ಕಡ್ಡಿಗಳ ಮೇಲೆ, ಅದಕ್ಕೆ ಅದರದೇ ಗವಸು. ಹಾಗಾಗಿ ಬಂಜಿ ಬದಲಿಸಲು ಕಾಲಿನ ಬಟ್ಟೆಗೆ ಕೈ ಹಾಕಬೇಕಿಲ್ಲ. ತ್ರಿಕೋನದ ಮೇಲಿನ ಬಟ್ಟೆ ಭಾರ ಹೊರುವುದೂ ಇಲ್ಲ. ಗಾಳಿಗೆ ಕೊಳವೆಗಳ ಬದಲು ಒಂದು ನಯವಾದ ಮೈ ಕೊಡುವುದು, ಬ್ರೇಕ್ ಪೈಪನ್ನು ಒಳಗೆ ಅಡಗಿಸುವುದು, ಇಷ್ಟೇ ಅದರ ಕೆಲಸ. ಆದರೆ ಭಾರ ಹೊರುವ ಕೊಳವೆಯನ್ನು ಅದು ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ. ಬಟ್ಟೆ ಹರಿದರೂ ವಿಮಾನ ಹಾರುತ್ತದೆ. ಬಟ್ಟೆಯೊಳಗೆ ನೀರು ನಿಂತು ಕೊಳವೆ ತುಕ್ಕು ಹಿಡಿದರೆ ಗೇರ್ ಮುರಿಯುತ್ತದೆ. ಹೊದಿಕೆಯ ಗುಣ ಅಳೆಯುವಾಗ ಈ ಎರಡನೆಯದಕ್ಕೇ ಹೆಚ್ಚು ಅಂಕ ಕೊಡಬೇಕು.

1938ರಿಂದ 1947ರವರೆಗೆ ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿ ತಯಾರಾದ ಈ ವಿಮಾನಗಳಿಗೆ ಕಾರ್ಖಾನೆಯಲ್ಲಿ ಹಾಕುತ್ತಿದ್ದದ್ದು ಹತ್ತಿ ಬಟ್ಟೆ, ಅದರ ಮೇಲೆ ಡೋಪ್ ಎಂಬ ಮೆರುಗೆಣ್ಣೆ. ಡೋಪ್ ಒಣಗುತ್ತಾ ಬಟ್ಟೆಯನ್ನು ಬಿಗಿ ಮಾಡುತ್ತದೆ, ವರ್ಷಗಟ್ಟಲೆ ಬಿಗಿಯುತ್ತಲೇ ಹೋಗುತ್ತದೆ, ಕೊನೆಗೆ ಗಡುಸಾಗಿ ಬಿರಿಯುತ್ತದೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಫ್ಲಾಬಾಬ್ ವಿಮಾನ ನಿಲ್ದಾಣದಲ್ಲಿದ್ದ ರೇ ಸ್ಟಿಟ್ಸ್ 1960ರ ದಶಕದಲ್ಲಿ ರೂಪಿಸಿದ ಪಾಲಿ-ಫೈಬರ್ ಪದ್ಧತಿ ಬೇರೆ ದಾರಿ ಹಿಡಿಯಿತು. ಬಟ್ಟೆ ಪಾಲಿಯೆಸ್ಟರ್. ಅದು ಬಿಗಿಯಾಗುವುದು ಇಸ್ತ್ರಿ ಪೆಟ್ಟಿಗೆಯ ಶಾಖದಿಂದ ಮಾತ್ರ, ಮೇಲೆ ಬಳಿಯುವ ಯಾವ ದ್ರವದಿಂದಲೂ ಅಲ್ಲ. ದ್ರವಗಳೆಲ್ಲ ವಿನೈಲ್ ಮೂಲದವು. ಅಂಟಿಗೆ ಪಾಲಿ-ಟ್ಯಾಕ್, ಬಟ್ಟೆಯ ನೂಲಿಗೆ ಇಳಿಸಲು ನಸುಗೆಂಪು ಪಾಲಿ-ಬ್ರಶ್, ಬಿಸಿಲು ತಡೆಯಲು ಅಲ್ಯೂಮಿನಿಯಂ ಪುಡಿಯ ಬೆಳ್ಳಿ ಬಣ್ಣದ ಪಾಲಿ-ಸ್ಪ್ರೇ, ಕೊನೆಯ ಬಣ್ಣಕ್ಕೆ ಪಾಲಿ-ಟೋನ್. ಕಬ್‌ನ ಹಳದಿಯೂ 'ಲಾಕ್ ಹೇವನ್ ಯೆಲ್ಲೋ' ಹೆಸರಿನಲ್ಲಿ ಇದರಲ್ಲೇ ಸಿಗುತ್ತದೆ.

ಈ ಸರಣಿಯ ನಿಜವಾದ ಬಲ ಒಂದು ಸಣ್ಣ ವಿಷಯದಲ್ಲಿದೆ. ಪಾಲಿ-ಟ್ಯಾಕ್‌ನಿಂದ ಪಾಲಿ-ಟೋನ್‌ವರೆಗೆ ಪ್ರತಿ ಪದರವೂ ಒಣಗಿ ವರ್ಷಗಳಾದ ಮೇಲೂ ಎಂಇಕೆ (ಮಿಥೈಲ್ ಈಥೈಲ್ ಕೀಟೋನ್) ದ್ರಾವಕಕ್ಕೆ ಕರಗುತ್ತದೆ. ಚಿಂದಿ ಬಟ್ಟೆಯನ್ನು ಎಂಇಕೆಯಲ್ಲಿ ನೆನೆಸಿ ಒರೆಸಿದರೆ ಬಣ್ಣ ಹೋಗುತ್ತದೆ, ಬೆಳ್ಳಿ ಹೋಗುತ್ತದೆ, ಕೆಳಗೆ ನಸುಗೆಂಪು ಪದರ ಕಾಣುತ್ತದೆ. ಅದರ ಮೇಲೆ ಹೊಸ ತೇಪೆ ಅಂಟಿಸಿದರೆ ಹಳೆಯದೂ ಹೊಸದೂ ಕರಗಿ ಒಂದಾಗುತ್ತವೆ. ಏರೋಥೇನ್ ಹಾಗಲ್ಲ. ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾದ ಮೇಲೆ ಅದು ಎಂಇಕೆಗೆ ಜಗ್ಗದು. ಉಜ್ಜಿಯೇ ತೆಗೆಯಬೇಕು, ಉಜ್ಜುವಾಗ ಕೆಳಗಿನ ನೂಲು ತರಚುವ ಅಪಾಯ ಬೇರೆ. ರೆಕ್ಕೆಯ ಮೇಲ್ಮೈಯಲ್ಲಿ ಹತ್ತು ವರ್ಷಕ್ಕೊಮ್ಮೆ ಬರುವ ಈ ಕಷ್ಟ ಗೇರ್ ಕಾಲಿನಲ್ಲಿ ಪ್ರತಿ ಮಳೆಗಾಲದ ಕೊನೆಗೆ ಬರುತ್ತದೆ. ಅದಕ್ಕೇ ಕಾಲಿಗೆ ಪಾಲಿ-ಟೋನ್ ಎಂದದ್ದು. ಅದು ಮಬ್ಬು ಹೊಳಪಿನ ಬಣ್ಣ, ಕನ್ನಡಿಯ ಹಾಗೆ ಮಿಂಚುವುದಿಲ್ಲ ಎಂಬ ದೂರು ನಿಜ. 1940ರ ದಶಕದ ವಿಮಾನಕ್ಕೆ ಆ ಮಬ್ಬೇ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಸಾಮಾನಿನ ಲೆಕ್ಕ ಹೀಗೆ. ಎರಡು ಕಾಲಿಗೆ ಮಧ್ಯಮ ತೂಕದ ಬಟ್ಟೆ, ಅಂದರೆ ಚದರ ಗಜಕ್ಕೆ 2.7 ಔನ್ಸ್‌ನದು, 70 ಇಂಚು ಆಸುಪಾಸಿನ ಪನ್ನದಲ್ಲಿ 2 ಗಜ ಧಾರಾಳ. 1.7 ಔನ್ಸ್‌ನ ತೆಳು ಬಟ್ಟೆ ಸರ್ಕಾರಿ ಪ್ರಮಾಣಪತ್ರ ಪಡೆದ ಮಾದರಿಯ ವಿಮಾನಕ್ಕೆ ಸಲ್ಲದು, ಕಲ್ಲಿನ ಏಟಿಗೂ ತಾಳದು. ಪಾಲಿ-ಟ್ಯಾಕ್ ಒಂದು ಪೈಂಟ್ (ಸುಮಾರು ಅರ್ಧ ಲೀಟರ್), ಪಾಲಿ-ಬ್ರಶ್, ಪಾಲಿ-ಸ್ಪ್ರೇ, ಪಾಲಿ-ಟೋನ್ ತಲಾ ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್), ತೆಳು ಮಾಡುವ ರೆಡ್ಯೂಸರ್ ಒಂದು ಕ್ವಾರ್ಟ್, ಎಂಇಕೆ ಒಂದು ಕ್ವಾರ್ಟ್. ಅಂಚು, ಜೋಡಣೆ ಮುಚ್ಚುವ 2 ಇಂಚಿನ ಬಟ್ಟೆ ಪಟ್ಟಿ ಒಂದು ಸುರುಳಿ, ಬಾಗಿದ ಜಾಗಕ್ಕೆ ಓರೆಯಾಗಿ ಕತ್ತರಿಸಿದ ಬಯಾಸ್ ಪಟ್ಟಿ ಸ್ವಲ್ಪ, ನೀರು ಇಳಿಯುವ ತೂತಿಗೆ ಅಂಟಿಸುವ ಪ್ಲಾಸ್ಟಿಕ್ ಬಳೆ, ಅಂದರೆ ಡ್ರೈನ್ ಗ್ರೋಮೆಟ್, ನಾಲ್ಕು. ಡಬ್ಬಿಯಲ್ಲಿ ಬರುವುದೆಲ್ಲ ಬೆಂಕಿ ಹೊತ್ತುವ ದ್ರವ. ಸಾಗಣೆಯಲ್ಲಿ ಅಪಾಯಕಾರಿ ಸರಕಿನ ಶುಲ್ಕ ಸೇರುತ್ತದೆ, ಕಾಲು ಮಾತ್ರ ಮಾಡಿಸುವವರಿಗೆ ಡಬ್ಬಿಯ ಬೆಲೆಗಿಂತ ಅದೇ ಭಾರವಾಗಬಹುದು. ಬಾಲದ ಬಟ್ಟೆಯನ್ನೋ ಇನ್ನೊಂದು ಭಾಗವನ್ನೋ ಜೊತೆಗೆ ಮಾಡಿಸುವುದಿದ್ದರೆ ಒಟ್ಟಿಗೆ ತರಿಸುವುದು ಜಾಣತನ. ದ್ರವಕ್ಕಿಂತ ಮೊದಲು ಕಂಪನಿಯ ಕೈಪಿಡಿ ಕೊಳ್ಳಿ. ಈ ಪದ್ಧತಿಗೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೊಟ್ಟ ಎಸ್‌ಟಿಸಿ, ಅಂದರೆ ಮೂಲ ವಿನ್ಯಾಸ ಬದಲಿಸಲು ಕೊಡುವ ಒಪ್ಪಿಗೆ, ನಿಂತಿರುವುದೇ ಆ ಕೈಪಿಡಿಯ ಮೇಲೆ. ನಡುವೆ ಬೇರೆ ಕಂಪನಿಯ ಅಂಟನ್ನೋ ಕಾರಿನ ಬಣ್ಣವನ್ನೋ ಸೇರಿಸಿದರೆ ಒಪ್ಪಿಗೆ ಅಲ್ಲಿಗೇ ಮುಗಿಯುತ್ತದೆ.

ಕೆಲಸದ ಅರ್ಧ ಭಾಗ ಬಟ್ಟೆ ಕತ್ತರಿಸುವ ಮೊದಲೇ ಇದೆ. ಹಳೆಯ ಬಟ್ಟೆ ಬಿಚ್ಚಿದ ಮೇಲೆ ಕೊಳವೆಯನ್ನು ಲೋಹ ಕಾಣುವವರೆಗೆ ಶುಚಿ ಮಾಡಿ, ಅಚ್ಚಿನ ಹತ್ತಿರದ ಬೆಸುಗೆಗಳನ್ನು ಭೂತಗನ್ನಡಿ ಹಿಡಿದು ನೋಡಿ. ಕೆಳಗಿನ ಆರೇಳು ಇಂಚಿನಲ್ಲೇ ತುಕ್ಕು ಸೇರುವುದು. ನಂತರ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹಾಕಬೇಕು. ಪಾಲಿ-ಫೈಬರ್‌ನದೇ ಇಪಿ-420, ಇಪಿ-430 ಇವೆ. ಇಲ್ಲಿ ಹಣ ಉಳಿಸಲು ಹೋಗಿ ಹಳೆಯ ಜಿಂಕ್ ಕ್ರೋಮೇಟ್ ಪ್ರೈಮರ್ ಬಳಿದರೆ ಪಾಲಿ-ಟ್ಯಾಕ್‌ನಲ್ಲಿರುವ ದ್ರಾವಕ ಅದನ್ನು ಕರಗಿಸುತ್ತದೆ. ಅಂಟು ಕೂರುವುದು ಕೊಳವೆಯ ಮೇಲಲ್ಲ, ಸಡಿಲವಾದ ಪ್ರೈಮರ್‌ನ ಮೇಲೆ. ಶಾಖ ಕೊಟ್ಟಾಗ ಬಟ್ಟೆ ಪ್ರೈಮರ್ ಸಮೇತ ಜಾರುತ್ತದೆ. ಹೊಸದಾಗಿ ಹಾಕಿದ ಹೊದಿಕೆ ಹಿಂದಿನ ಅಂಚಿನಲ್ಲಿ ಬಿಟ್ಟುಕೊಂಡಿತು ಎಂಬ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಕೆಳಗೆ ಯಾವ ಪ್ರೈಮರ್ ಇತ್ತು?

ಬ್ರೇಕ್ ಪೈಪನ್ನು ಬಟ್ಟೆ ಹಾಕುವ ಮೊದಲೇ ಅದರ ಜಾಗದಲ್ಲಿ ಕೂರಿಸಿ, ಎಣ್ಣೆ ತುಂಬಿಸಿ, ಪೆಡಲ್ ಒತ್ತಿ ಹಿಡಿದು ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಲ್ಲಿ ಒರೆಸಿ ನೋಡಬೇಕು. ವಿಮಾನದ ಕೆಂಪು ಬ್ರೇಕ್ ಎಣ್ಣೆ ಒಂದು ಹನಿ ಜಿನುಗಿದರೂ ಸಾಕು, ಅದು ಕೊಳವೆಗುಂಟ ಇಳಿದು ಕೆಳಗಿನ ಅಂಟಿನ ಅಂಚಿಗೆ ಸೇರುತ್ತದೆ. ಎಣ್ಣೆ ಕುಡಿದ ಬಟ್ಟೆಯ ಮೇಲೆ ಮುಂದೆ ಯಾವ ತೇಪೆಯೂ ಹಿಡಿಯುವುದಿಲ್ಲ. ಪೈಪ್ ಕಟ್ಟುವ ಕ್ಲಿಪ್ಪಿನ ಮೊನೆ, ಬೆಸುಗೆಯ ಗಂಟು, ಬಟ್ಟೆಗೆ ತಾಗುವ ಯಾವುದೇ ಚೂಪು ಜಾಗಕ್ಕೆ ಉಜ್ಜು ತಡೆಯುವ ಬಟ್ಟೆ ಟೇಪ್ ಸುತ್ತಿ. ಪೈಪ್ ಬಟ್ಟೆಗೆ ತಾಗದಂತೆ ಕೊಳವೆಯ ಒಳಬದಿಗೆ ಸರಿದಿರಬೇಕು. ತಾಗಿದ್ದರೆ ಎಂಜಿನ್ನಿನ ನಡುಕಕ್ಕೆ ಒಂದೇ ಋತುವಿನಲ್ಲಿ ಬಟ್ಟೆಯ ಮೇಲೆ ಉದ್ದನೆಯ ಬೂದು ಗೆರೆ ಮೂಡುತ್ತದೆ. ಆಮೇಲೆ ಬಿರಿಯುವುದು ಆ ಗೆರೆಯಲ್ಲೇ.

ಬಟ್ಟೆಯನ್ನು ಒಂದೇ ತುಂಡಾಗಿ ಸುತ್ತುವುದು ಒಳ್ಳೆಯದು. ಹಿಂದಿನ ಕೊಳವೆಯಲ್ಲಿ ಶುರು ಮಾಡಿ, ಹೊರಮೈಯಲ್ಲಿ ಮುಂದಕ್ಕೆ ತಂದು, ಮುಂದಿನ ಕೊಳವೆ ಬಳಸಿ, ಒಳಮೈಯಲ್ಲಿ ವಾಪಸ್ ಹಿಂದಿನ ಕೊಳವೆಗೆ ತಂದು ಮುಗಿಸಿ. ಹೀಗೆ ಮಾಡಿದರೆ ಜೋಡಣೆ ಹಿಂದಿನ ಅಂಚಿಗೆ ಬರುತ್ತದೆ, ಮುಂದಿನಿಂದ ಬರುವ ಗಾಳಿ, ಮಳೆ ಅದನ್ನು ಎಬ್ಬಿಸುವುದಿಲ್ಲ. ಕೊಳವೆಗೆ ಮೊದಲು ಒಂದು ಕೈ ಪಾಲಿ-ಟ್ಯಾಕ್ ಬಳಿದು ಒಣಗಲು ಬಿಡಿ. ಅದರ ಮೇಲೆ ಎರಡನೆಯ ಕೈ ಹಸಿಯಾಗಿ ಬಳಿದು, ಬಟ್ಟೆ ಇಟ್ಟು, ಬೆರಳಿನಿಂದ ಒತ್ತಿ. ಅಂಟು ನೂಲಿನ ಸಂದಿಯಿಂದ ಮೇಲೆ ಬಂದು ಬಟ್ಟೆಯ ಮೈ ಒದ್ದೆಯಾಗಿ ಕಂಡರೆ ಸರಿಯಾಗಿ ಕೂತಿದೆ ಎಂದರ್ಥ. ಬೆಳ್ಳಗೆ ಒಣ ಚುಕ್ಕೆ ಉಳಿದಿದ್ದರೆ ಅಲ್ಲಿ ಅಂಟಿಲ್ಲ. ಬಟ್ಟೆಯ ಮೇಲೆ ಬಟ್ಟೆ ಬರುವ ಕಡೆ ಕನಿಷ್ಠ 1 ಇಂಚು ಮೇಲ್ಹಾಸು ಇರಲಿ. ಎಳೆದು ಬಿಗಿ ಮಾಡಬೇಡಿ, ಸುಕ್ಕಿಲ್ಲದಂತೆ ಹರಡಿದರೆ ಸಾಕು, ಬಿಗಿ ಮಾಡುವ ಕೆಲಸ ಇಸ್ತ್ರಿ ಪೆಟ್ಟಿಗೆಯದು.

ಕಷ್ಟ ಕೊಡುವುದು ಅಚ್ಚಿನ ಹತ್ತಿರದ ತುದಿ. ಅಗಲವಾಗಿದ್ದ ಬಟ್ಟೆ ಅಲ್ಲಿ ಮೂರು ನಾಲ್ಕು ಇಂಚಿಗೆ ಕಿರಿದಾಗಬೇಕು, ಹೆಚ್ಚಾದದ್ದು ಮಡಿಕೆಯಾಗಿ ಎದ್ದು ನಿಲ್ಲುತ್ತದೆ. ಮಡಿಕೆಯನ್ನು ಮಡಿಕೆಯಾಗಿಯೇ ಅಂಟಿಸಿದರೆ ಒಳಗೆ ಸಣ್ಣ ಸುರಂಗ ಉಳಿದು ನೀರು ಹಿಡಿಯುತ್ತದೆ. ಅದರ ಬದಲು ಅಂಚಿನಿಂದ ಅರ್ಧ ಇಂಚು ಒಳಕ್ಕೆ ವಿ ಆಕಾರದ ಕಚ್ಚುಗಳನ್ನು ಕತ್ತರಿಸಿ, ನಾಲಗೆಗಳನ್ನು ಒಂದೊಂದಾಗಿ ಕೊಳವೆಯ ಮೇಲೆ ಮಲಗಿಸಿ ಅಂಟಿಸಿ. ಆಮೇಲೆ ಅವುಗಳ ಮೇಲೆ ಬಯಾಸ್ ಪಟ್ಟಿ ಸುತ್ತಿದರೆ ಅಂಚು ದುಂಡಗೆ ಮುಚ್ಚುತ್ತದೆ. ಡಿಸ್ಕ್ ಬ್ರೇಕ್ ಹಾಕಿಸಿಕೊಂಡ ವಿಮಾನಗಳಲ್ಲಿ ಈ ತುದಿಯನ್ನು ಡಿಸ್ಕಿನ ಪಕ್ಕದವರೆಗೆ ತರಲೇಬೇಡಿ. ಪಾಲಿ-ಟ್ಯಾಕ್ ಶಾಖಕ್ಕೆ ಮೆದುವಾಗುತ್ತದೆ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ವಿಮಾನ ಓಡಿಸುವಾಗ, ಬ್ರೇಕ್ ಒತ್ತಿಕೊಂಡೇ ಹೋಗುವ ಅಭ್ಯಾಸವಿದ್ದರೆ ಮೊದಲು ಏಳುವುದು ಈ ಅಂಚೇ.

ಅಂಟು ಒಂದು ರಾತ್ರಿ ಚೆನ್ನಾಗಿ ಒಣಗಿದ ಮೇಲೆ ಇಸ್ತ್ರಿ. ಮನೆಯ ಸಣ್ಣ ಇಸ್ತ್ರಿ ಪೆಟ್ಟಿಗೆಯೇ ಸಾಕು, ಆದರೆ ಅದರ ಗುಂಡಿಯ ಮೇಲಿನ ಗುರುತನ್ನು ನಂಬುವಂತಿಲ್ಲ. ತಳಕ್ಕೆ ಥರ್ಮಾಮೀಟರ್ ಇಟ್ಟು ಅಳೆದು ನಿಮ್ಮದೇ ಗುರುತು ಹಾಕಿಕೊಳ್ಳಬೇಕು. ಅಂಚು, ಪಟ್ಟಿ, ಅಂಟು ಇರುವ ಜಾಗಕ್ಕೆ 225 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 107 ಸೆಲ್ಸಿಯಸ್, ಅದಕ್ಕಿಂತ ಹೆಚ್ಚು ಬೇಡ. ನಡುವಿನ ಬಟ್ಟೆಗೆ ಮೊದಲ ಸುತ್ತು 250, ಅಂದರೆ 121 ಸೆಲ್ಸಿಯಸ್. ಎರಡನೆಯದು 300, ಅಂದರೆ 149. ಕೊನೆಯದು 350, ಅಂದರೆ 177. ಒಂದೇ ಸಲಕ್ಕೆ 350ಕ್ಕೆ ಹೋದರೆ ಒಂದು ಕಡೆ ಮೊದಲು ಬಿಗಿದು ಸುಕ್ಕೆಲ್ಲ ಇನ್ನೊಂದು ಕಡೆಗೆ ಓಡುತ್ತದೆ. 375 ದಾಟಿದರೆ ಪಾಲಿಯೆಸ್ಟರ್ ಬಿಗಿ ಕಳೆದುಕೊಳ್ಳುತ್ತದೆ, ಮತ್ತೆ ಎಷ್ಟು ಇಸ್ತ್ರಿ ಮಾಡಿದರೂ ಅದು ಮರಳುವುದಿಲ್ಲ, ಆ ತುಂಡು ಬಿಚ್ಚಿ ಎಸೆಯುವುದೊಂದೇ ದಾರಿ. ಬಿಸಿಗಾಳಿ ಊದುವ ಹೀಟ್ ಗನ್ ಇಲ್ಲಿ ಬೇಡವೇ ಬೇಡ, ಶಾಖ ಎಷ್ಟು ಎಂದು ತಿಳಿಯುವ ದಾರಿಯೇ ಅದರಲ್ಲಿಲ್ಲ. ಸರಿಯಾಗಿ ಮುಗಿದ ಕಾಲನ್ನು ಬೆರಳಿನಿಂದ ತಟ್ಟಿದರೆ ಮದ್ದಳೆಯ ಹಾಗೆ ಸ್ಪಷ್ಟ ನಾದ ಬರುತ್ತದೆ.

ಪಾಲಿ-ಬ್ರಶ್‌ನ ಮೊದಲ ಕೈಯನ್ನು ಬ್ರಶ್‌ನಲ್ಲೇ ಬಳಿಯಬೇಕು, ಸ್ಪ್ರೇ ಅಲ್ಲ. ಮೂರು ಪಾಲು ಪಾಲಿ-ಬ್ರಶ್‌ಗೆ ಒಂದು ಪಾಲು ರೆಡ್ಯೂಸರ್. ದ್ರವ ನೂಲಿನ ಸುತ್ತ ಇಳಿದು ಬಟ್ಟೆಯನ್ನು ಹಿಡಿದುಕೊಳ್ಳಬೇಕು, ಆದರೆ ಒಳಗೆ ಸುರಿಯಬಾರದು. ರೆಕ್ಕೆಯಲ್ಲಿ ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಅಂತರವಿದೆ. ಗೇರ್ ಕಾಲಿನ ತುದಿಯಲ್ಲಿ ಎರಡು ಮೈಗಳ ನಡುವೆ ಒಂದು ಕೊಳವೆಯ ದಪ್ಪ ಮಾತ್ರ. ಕಾಲನ್ನು ಮೇಜಿನ ಮೇಲೆ ಮಲಗಿಸಿ ಮೇಲ್ಮೈಗೆ ಬ್ರಶ್ ತುಂಬ ತುಂಬಿ ಬಳಿದರೆ ಹನಿ ಒಳಗೆ ಬಿದ್ದು ಕೆಳಗಿನ ಬಟ್ಟೆಯ ಒಳಮೈಯಲ್ಲಿ ಕೂರುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಬೆಳ್ಳಿ ಬಣ್ಣ ಹಾಕಿ ಬೆಳಕಿಗೆ ಓರೆಯಾಗಿ ಹಿಡಿದಾಗ ಕಾಳಿನ ಗಾತ್ರದ ಉಬ್ಬುಗಳು ಸಾಲಾಗಿ ಕಾಣುತ್ತವೆ. ಒಳಗಿಂದ ಬಂದದ್ದನ್ನು ಹೊರಗಿಂದ ಉಜ್ಜಿ ತೆಗೆಯಲು ಆಗದು. ಕಾಲನ್ನು ನಿಲ್ಲಿಸಿಟ್ಟು, ಬ್ರಶ್ ಅರೆ ಒಣಗಿಸಿ, ಒಂದೇ ದಿಕ್ಕಿನಲ್ಲಿ ಎಳೆದು, ಎಳೆದ ಜಾಗಕ್ಕೆ ಮತ್ತೆ ಹೋಗದಿದ್ದರೆ ಈ ತೊಂದರೆ ಇಲ್ಲ.

ಪಟ್ಟಿಗಳನ್ನು ಹಾಕುವುದು ಈ ಮೊದಲ ಕೈ ಒಣಗಿದ ಮೇಲೆ, ಕೆಳಗೊಮ್ಮೆ ಪಾಲಿ-ಬ್ರಶ್, ಮೇಲೊಮ್ಮೆ ಪಾಲಿ-ಬ್ರಶ್. ಏಳುವ ಅಂಚನ್ನು 225 ಡಿಗ್ರಿಯಲ್ಲಿ ಒತ್ತಿ ಮಲಗಿಸಿ. ಮುಂದಿನ ಕೊಳವೆಗೆ ಕಲ್ಲಿನ ಏಟು ಹೆಚ್ಚಾದ್ದರಿಂದ ಕೆಳಗಿನ ಅರ್ಧಕ್ಕೆ ಎರಡು ಪಟ್ಟಿ, ಒಂದರ ಮೇಲೊಂದು, ಹಾಕಿದರೆ ಒಳ್ಳೆಯದು. ತೂಕ ಲೆಕ್ಕಕ್ಕೇ ಬರುವುದಿಲ್ಲ.

ಡ್ರೈನ್ ಗ್ರೋಮೆಟ್‌ಗೆ ಜಾಗ ಹುಡುಕುವಾಗ ವಿಮಾನ ನಿಂತಿರುವ ಭಂಗಿ ನೆನಪಿರಲಿ. ಕಬ್ ಬಾಲದ ಚಕ್ರದ ವಿಮಾನ, ನಿಂತಾಗ ಮೂಗು ಮೇಲೆ. ಹಾಗಾಗಿ ಕಾಲಿನೊಳಗಿನ ನೀರು ಸೇರುವುದು ತುದಿಯ ಹಿಂಬದಿ ಮೂಲೆಗೆ. ಮೇಜಿನ ಮೇಲೆ ಕಾಲನ್ನು ನೇರವಾಗಿ ನಿಲ್ಲಿಸಿ ಅತಿ ಕೆಳಗಿನ ಜಾಗ ಗುರುತು ಮಾಡಿದರೆ ತೂತು ಅರ್ಧ ಇಂಚು ಮೇಲೆ ಬೀಳುತ್ತದೆ, ಆ ಅರ್ಧ ಇಂಚಿನ ನೀರು ವರ್ಷಪೂರ್ತಿ ಬೆಸುಗೆಯ ಮೇಲೆ ನಿಲ್ಲುತ್ತದೆ. ಪ್ರತಿ ಕಾಲಿಗೆ ಎರಡು ಗ್ರೋಮೆಟ್ ಇರಲಿ, ಒಂದು ಕೆಸರಿಗೆ ಮುಚ್ಚಿದರೂ ಇನ್ನೊಂದು ಉಳಿಯುತ್ತದೆ. ಪಾಲಿ-ಟ್ಯಾಕ್‌ನಲ್ಲಿ ಅಂಟಿಸಿ, ಮೇಲೆ ಸಣ್ಣ ತೇಪೆ ಹಾಕಿ, ಬಣ್ಣವೆಲ್ಲ ಮುಗಿದ ಮೇಲೆ ತೂತನ್ನು ಬಿಸಿ ಸೋಲ್ಡರಿಂಗ್ ಕಡ್ಡಿಯ ಮೊನೆಯಿಂದ ತೆರೆಯಿರಿ. ಶಾಖಕ್ಕೆ ಪಾಲಿಯೆಸ್ಟರ್‌ನ ಅಂಚು ಕರಗಿ ಮುಚ್ಚಿಕೊಳ್ಳುತ್ತದೆ. ಬ್ಲೇಡಿನಲ್ಲಿ ಕತ್ತರಿಸಿದರೆ ನೂಲು ಬಿಟ್ಟುಕೊಂಡು ಹರಿಯುವುದು ಅಲ್ಲಿಂದಲೇ ಶುರುವಾಗುತ್ತದೆ. ತೂತು ತೆರೆಯುವುದನ್ನು ಮರೆತ ಕಾಲುಗಳೂ ಇರುತ್ತವೆ. ಹಳೆಯ ಕಬ್ ಕೊಳ್ಳಲು ಹೋದವರು ಮೊದಲು ಬೆರಳಿಟ್ಟು ನೋಡಬೇಕಾದ ಜಾಗ ಇದು.

ಉಳಿದ ಪದರಗಳು ಸುಲಭ. ಪಾಲಿ-ಬ್ರಶ್ ಇನ್ನೆರಡು ಕೈ ಸ್ಪ್ರೇ, ಅದರ ಮೇಲೆ ಪಾಲಿ-ಸ್ಪ್ರೇ ಅಡ್ಡಡ್ಡ ಉದ್ದುದ್ದ ಮೂರು ಕೈ. ಪಾಲಿ-ಬ್ರಶ್ ಪದರವನ್ನು ಎಂದೂ ಉಜ್ಜಬೇಡಿ. ಪಾಲಿ-ಸ್ಪ್ರೇಯನ್ನು ನೀರು ಹಾಕಿ ನಯವಾದ ಕಾಗದದಲ್ಲಿ ಉಜ್ಜಬಹುದು. ಒಣಗಿದ್ದಾಗ ಉಜ್ಜಿದರೆ ಸ್ಥಿರ ವಿದ್ಯುತ್ ಕಿಡಿ ಹುಟ್ಟುತ್ತದೆ, ಸುತ್ತಲೂ ದ್ರಾವಕದ ಆವಿ ಇರುವ ಕೋಣೆಯಲ್ಲಿ ಅದು ಏನು ಮಾಡಬಲ್ಲದು ಎಂದು ಹೇಳಬೇಕಿಲ್ಲ. ಬೆಳ್ಳಿ ಸಾಕಷ್ಟು ಕೂತಿದೆಯೇ ಎಂದು ತಿಳಿಯಲು ಕತ್ತಲ ಕೋಣೆಯಲ್ಲಿ ಮೇಲಿನ ತೆರೆದ ಬಾಯಿಂದ ಪುಟ್ಟ ಟಾರ್ಚ್ ಇಳಿಸಿ ಹೊರಗಿಂದ ನೋಡಿ. ಬೆಳಕು ಕಂಡ ಕಡೆಯಿಂದಲೇ ಬಿಸಿಲೂ ಒಳಗೆ ಬರುತ್ತದೆ, ಪಾಲಿಯೆಸ್ಟರನ್ನು ಕೊಲ್ಲುವುದು ಬಿಸಿಲಿನ ಅತಿನೇರಳೆ ಕಿರಣ. ಕಾಲಿನ ಒಳಮೈಗೆ ಬಿಸಿಲು ಬೀಳುವುದಿಲ್ಲ ಎಂದು ಅಲ್ಲಿ ಒಂದು ಕೈ ಕಡಿಮೆ ಮಾಡುವವರಿದ್ದಾರೆ. ಮಾಡಬೇಡಿ. ಕಾಂಕ್ರೀಟ್ ನೆಲ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಕೊನೆಗೆ ಪಾಲಿ-ಟೋನ್ ಎರಡು ಮೂರು ಕೈ.

ಎಂಇಕೆಯ ವಾಸನೆ ಈ ಪದ್ಧತಿಯ ದೊಡ್ಡ ಮೈನಸ್. ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಮುಖವಾಡ, ದ್ರಾವಕಕ್ಕೆ ತಾಳುವ ಕೈಗವಸು, ಎರಡೂ ಕಡೆ ತೆರೆದ ಬಾಗಿಲು ಇಲ್ಲದೆ ಡಬ್ಬಿ ತೆಗೆಯಬೇಡಿ. ಬಟ್ಟೆ ಮಾಸ್ಕ್ ಇಲ್ಲಿ ಕೆಲಸಕ್ಕೆ ಬಾರದು. ಯಾರಾದರೂ ಏರೋಥೇನ್ ಹಾಕಿಯೇ ತೀರುತ್ತೇವೆ ಎಂದರೆ ಅದರಲ್ಲಿರುವ ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕಕ್ಕೆ ಕಾರ್ಟ್ರಿಜ್ ಕೂಡ ಸಾಲದು, ಹೊರಗಿನಿಂದ ಗಾಳಿ ಪೂರೈಸುವ ಮುಖವಾಡವೇ ಬೇಕು.

ಕಾಲು ದೇಹಕ್ಕೆ ಸೇರುವ ಮೇಲಿನ ಕಿವಿಗಳ ಸುತ್ತಲಿನ ಕೆಲಸಕ್ಕೆ ಕೈಪಿಡಿಗಳು ಕೊಡುವ ಜಾಗ ಕಡಿಮೆ, ಕಾಟ ಮಾತ್ರ ಜಾಸ್ತಿ. ಕಾಲಿನ ಬಟ್ಟೆಯನ್ನು ಬೋಲ್ಟಿನಿಂದ ಒಂದೂವರೆ ಇಂಚು ಕೆಳಗೇ ನಿಲ್ಲಿಸಬೇಕು. ಪಾನಾ ಹಾಕಲು, ತಪಾಸಣೆಯಲ್ಲಿ ಬೋಲ್ಟಿನ ತೂತು ಸವೆದಿದೆಯೇ ನೋಡಲು ಜಾಗ ಬೇಕು. ಕಾಲು ಈ ಬೋಲ್ಟಿನ ಮೇಲೆ ಬಾಗಿಲಿನ ಕೀಲಿನಂತೆ ತಿರುಗುತ್ತದೆ, ಆದ್ದರಿಂದ ಕಾಲಿನ ಬಟ್ಟೆಗೂ ದೇಹದ ಬಟ್ಟೆಗೂ ಪಟ್ಟಿ ಹಾಕಿ ಸೇರಿಸಿದರೆ ಮೊದಲ ಇಳಿಯುವಿಕೆಯಲ್ಲೇ ಹರಿಯುತ್ತದೆ. ದೇಹದ ಬಟ್ಟೆಯಲ್ಲಿ ಕಿವಿ ಹೊರಬರುವ ಕಡೆ ಮೊದಲು ಎರಡನೆಯ ಪದರದ ದೊಡ್ಡ ತೇಪೆ ಅಂಟಿಸಿ, ಆಮೇಲೆ ಬಿಸಿ ಮೊನೆಯಿಂದ ಸೀಳು ತೆರೆಯಿರಿ. ಸೀಳಿನ ತುದಿ ಚೂಪಾಗಿರದೆ ದುಂಡಗಿರಲಿ.

ತೇಪೆಯ ಕೆಲಸದಲ್ಲಿ ಈ ಪದ್ಧತಿ ತನ್ನ ಬೆಲೆ ತೋರಿಸುತ್ತದೆ. ಕಲ್ಲು ಹೊಡೆದು ಬಟ್ಟೆ ಒಂದು ಇಂಚು ಹರಿಯಿತು ಎನ್ನಿ. ಮೊದಲು ಸೋಪಿನ ನೀರಿನಲ್ಲಿ ತೊಳೆದು ಎಣ್ಣೆಯ ಅಂಶ ತೆಗೆಯಿರಿ. ಹರಿದ ಜಾಗದ ಸುತ್ತ 2 ಇಂಚಿನವರೆಗೆ ಎಂಇಕೆ ಚಿಂದಿಯಲ್ಲಿ ಬಣ್ಣ ಮತ್ತು ಬೆಳ್ಳಿ ಒರೆಸಿ ನಸುಗೆಂಪಿಗೆ ಇಳಿಯಿರಿ. ಚಿಂದಿ ಹಿಂಡಿದ ಹಾಗಿರಲಿ, ತೊಟ್ಟಿಕ್ಕಿದರೆ ಕೆಳಗಿನ ಅಂಟೂ ಸಡಿಲವಾಗುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿದ ತೇಪೆಯನ್ನು ಅಂಟಿಸಿ, ಒಣಗಿದ ಮೇಲೆ ಅಂಚಿಗೆ ಕಡಿಮೆ ಶಾಖ, ನಡುವಿಗೆ 350, ನಂತರ ಮೂರೂ ಪದರ. ಮಧ್ಯಾಹ್ನ ಶುರು ಮಾಡಿದರೆ ಮಾರನೆಯ ದಿನ ಹಾರಬಹುದು. ಕೊಳವೆಯ ಮೇಲಿನ ಪಟ್ಟಿಯ ಕೆಳಗೆ ಗುಳ್ಳೆ ಎದ್ದಿದ್ದರೆ ಮಾತ್ರ ತೇಪೆಗೆ ಹೋಗಬೇಡಿ. ಅದು ಬಣ್ಣದ ದೋಷವಲ್ಲ, ಕೆಳಗೆ ಅರಳುತ್ತಿರುವ ತುಕ್ಕು. ಅಲ್ಲಿ ಬಟ್ಟೆ ತೆರೆದು ಕೊಳವೆ ನೋಡಲೇಬೇಕು.

ಬೇರೆ ಪದ್ಧತಿಗಳ ಜೊತೆ ಹೋಲಿಸುವುದಾದರೆ, ಸ್ಟೀವರ್ಟ್ ಸಿಸ್ಟಮ್ಸ್‌ನ ಅಂಟು, ಬಣ್ಣ ನೀರಿನ ಮೂಲದವು. ಉಸಿರಾಟಕ್ಕೆ ಹಿತ, ಮನೆಯ ಗ್ಯಾರೇಜಿನಲ್ಲಿ ಕೆಲಸ ಮಾಡುವವರಿಗೆ ಅದೊಂದೇ ಕಾರಣ ಸಾಕಾಗಬಹುದು. ಆದರೆ ಅದರ ಕೊನೆಯ ಬಣ್ಣ ಪಾಲಿಯುರೆಥೇನ್, ತೇಪೆಯ ವಿಷಯದಲ್ಲಿ ಏರೋಥೇನ್‌ಗೆ ಹೇಳಿದ್ದೇ ಅದಕ್ಕೂ. ಜರ್ಮನಿಯ ಒರಾಟೆಕ್ಸ್ ಬಣ್ಣ ಸಮೇತ ಬರುವ ಬಟ್ಟೆ, ಅಂಟಿಸಿ ಇಸ್ತ್ರಿ ಮಾಡಿದರೆ ಮುಗಿಯಿತು, ತೇಪೆಯೂ ಬೇಗ. ಗೇರ್ ಕಾಲಿನಂಥ ಸಣ್ಣ ಜಾಗಕ್ಕೆ ಅದು ನಿಜಕ್ಕೂ ಆಕರ್ಷಕ. ಬೆಲೆ ಹೆಚ್ಚು, ಮತ್ತು ನಿಮ್ಮ ಮಾದರಿಯ ವಿಮಾನಕ್ಕೆ ಒಪ್ಪಿಗೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಹಳೆಯ ಹತ್ತಿ ಮತ್ತು ಡೋಪನ್ನು ವಸ್ತುಸಂಗ್ರಹಾಲಯದ ವಿಮಾನಕ್ಕೆ ಬಿಟ್ಟು ಉಳಿದವಕ್ಕೆ ಸೂಚಿಸಲಾರೆವು.

ನಮ್ಮ ಕಡೆಯ ಓದುಗರಿಗೆ ಈ ವಿಷಯ ದೂರದ್ದೇನಲ್ಲ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ್, 1958ರಲ್ಲಿ ಮೊದಲು ಹಾರಿದ 90 ಅಶ್ವಶಕ್ತಿಯ ಎರಡು ಆಸನದ ವಿಮಾನ, ಬಟ್ಟೆ ಹೊದಿಸಿದ್ದೇ. ನೂರೈವತ್ತಕ್ಕೂ ಹೆಚ್ಚು ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು. ಅದರ ಗೇರಿನ ವಿನ್ಯಾಸ ಕಬ್‌ನದಲ್ಲ, ಆದ್ದರಿಂದ ಇಲ್ಲಿನ ಅಳತೆ ಅಲ್ಲಿಗೆ ಸಲ್ಲದು. ವಿಟಿ ನೋಂದಣಿಯ, ಅಂದರೆ ಭಾರತದಲ್ಲಿ ನೋಂದಾಯಿಸಿದ, ವಿಮಾನಕ್ಕೆ ಬಟ್ಟೆಯ ಪದ್ಧತಿ ಬದಲಿಸುವ ಮೊದಲು ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಒಪ್ಪಿಗೆಯ ವಿಷಯವನ್ನು ಪರವಾನಗಿ ಇರುವ ಎಂಜಿನಿಯರ್ ಜೊತೆ ಇತ್ಯರ್ಥ ಮಾಡಿಕೊಳ್ಳಬೇಕು. ಪ್ರೈಮರ್, ಶಾಖ, ನೀರಿನ ತೂತುಗಳ ಬಗ್ಗೆ ಹೇಳಿದ್ದು ಮಾತ್ರ ಉಕ್ಕಿನ ಕೊಳವೆಯ ಮೇಲೆ ಪಾಲಿಯೆಸ್ಟರ್ ಹಾಕುವ ಎಲ್ಲ ಕಡೆಗೂ ಅನ್ವಯ. ನಮ್ಮ ಹವೆಗೆ ಎರಡು ಮಾತು ಸೇರಿಸಬೇಕು. ಆರ್ 65-75 ರೆಡ್ಯೂಸರ್ ತಂಪು ಹವೆಯದು, ಅದರ ಹೆಸರಿನಲ್ಲಿರುವುದೇ ಫ್ಯಾರನ್‌ಹೀಟ್ ಶಾಖ. ಏಪ್ರಿಲ್ ಮಧ್ಯಾಹ್ನ ಅದನ್ನು ಹಾಕಿದರೆ ಸ್ಪ್ರೇ ಬಟ್ಟೆಗೆ ತಾಗುವ ಮೊದಲೇ ಅರೆ ಒಣಗಿ ಮೈ ಮರಳು ಮರಳಾಗುತ್ತದೆ. ಬಿಸಿ ಹವೆಗೆಂದೇ ಇರುವ ನಿಧಾನದ ರೆಡ್ಯೂಸರ್ ತರಿಸಿ. ಮಳೆಗಾಲದಲ್ಲಿ ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಂಡು ಮೇಲ್ಮೈ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಮದ್ದು ಒಣಗುವುದನ್ನು ನಿಧಾನ ಮಾಡುವ ಬ್ಲಶ್ ರಿಟಾರ್ಡರ್ ದ್ರವ, ಅದಕ್ಕಿಂತ ಒಳ್ಳೆಯ ಮದ್ದು ಒಣ ದಿನಕ್ಕೆ ಕಾಯುವುದು.

ಹೊದಿಕೆಯೇ ಬೇಡ ಎನ್ನುವ ಸಂದರ್ಭವೂ ಇದೆ. ನದಿಯ ಕಲ್ಲುಹಾಸಿನ ಮೇಲೆ, ಬಂಡೆ ಮರಳಿನ ಮೇಲೆ ದಿನವೂ ಇಳಿಯುವ ವಿಮಾನದಲ್ಲಿ ಯಾವ ಬಟ್ಟೆಯೂ ನಿಲ್ಲದು. ಅಲಾಸ್ಕಾದಲ್ಲಿ ಕಬ್‌ನ ನಂತರದ ಮಾದರಿ ಸೂಪರ್ ಕಬ್ ಹಾರಿಸುವ ಕೆಲವರು ಕಾಲನ್ನು ಬರಿದಾಗಿಯೇ ಬಿಡುವುದು ಅದಕ್ಕೇ. ಗಾಳಿಯ ಎಳೆತ ಸ್ವಲ್ಪ ಹೆಚ್ಚು, ಪ್ರತಿಯಾಗಿ ಪ್ರತಿ ಹಾರಾಟದ ಮೊದಲು ಬೆಸುಗೆಗಳೆಲ್ಲ ಕಣ್ಣೆದುರು. ಹಾಗೆ ಬಿಡುವ ಮೊದಲು ಪ್ರಮಾಣಪತ್ರದ ವಿಮಾನವಾದರೆ ಮೆಕ್ಯಾನಿಕ್‌ನ ಒಪ್ಪಿಗೆ ಪಡೆದು ಲಾಗ್‌ಪುಸ್ತಕದಲ್ಲಿ ಬರೆಸಿ. ಎಪಾಕ್ಸಿ ಪ್ರೈಮರ್ ಬಿಸಿಲಿಗೆ ಪುಡಿಯಾಗುವುದರಿಂದ ಕೊಳವೆಯ ಮೇಲೆ ಬಣ್ಣ ಹಾಕಿಸಿ. ಬ್ರೇಕ್ ಪೈಪಿಗೆ ಕಲ್ಲು ತಾಗದಂತೆ ಅದನ್ನು ಕೊಳವೆಯ ಹಿಂಬದಿಗೆ ಸರಿಸಿ ಆರು ಇಂಚಿಗೊಂದು ಮೆತ್ತನೆಯ ಕ್ಲಿಪ್ ಹಾಕಿಸಿ.